ಅಗ್ಗದ ಅಲೆ

ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ನಿನ್ನ ದನಿ ಕಟ್ಟಿದ ಹಾಗಿತ್ತು. ನೆಗಡಿಯೋ, ಎಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಹಾಗಾಯಿತೋ ಎಂದು ಕೇಳುವಷ್ಟರಲ್ಲಿ ಲೈನು ಹೋಯಿತು. ಬೆನ್ನುನೋವು ಕಡಿಮೆಯಾಗಿದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯ ತಾನೆ? ಹಡಗಿನವರಿಗೆಲ್ಲ ಬೇಯಿಸಿ ಹಾಕುವ ಭಟ್ಟನಿಗೆ ಊಟ ಮಾಡು ಎಂದು ಹೇಳುವುದು ನಿನಗೆ ನಗು ತರಿಸಬಹುದು. ಆದರೆ ಬೇಯಿಸಿದವರೇ ಕೊನೆಗೆ ನಿಂತುಕೊಂಡು ಪಾತ್ರೆಯ ತಳ ಕೆರೆದು ತಿನ್ನುತ್ತಾರೆ ಎಂಬುದು ಅಮ್ಮನನ್ನು ನೋಡಿದ ನನಗೆ ಗೊತ್ತಿದೆ. ಈ ಕಾಗದವನ್ನು ನಿಮ್ಮ ಕಂಪನಿಯ ಆಫೀಸಿಗೆ ಹಾಕುತ್ತಿದ್ದೇನೆ, ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಕೊಡುತ್ತಾರಂತೆ. ಫೋನಿನಲ್ಲಿ ನೀನು "ಎಲ್ಲಾ ಸರಿಯಾಗಿದ್ಯಾ ಅಕ್ಕಾ?" ಅನ್ನುತ್ತೀಯ, ನಾನು "ಹ್ಞೂಂ ಕಣೋ" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಬರೆಯುವಾಗಲಾದರೂ ಮಧ್ಯೆ ಕಟ್ಟಾಗುವುದಿಲ್ಲ.

ಅಪ್ಪ ನೀನು ಬಿಟ್ಟುಹೋದಾಗ ಹೇಗಿದ್ದರೋ ಹಾಗೇ ಇದ್ದಾರೆ. ಬಿ.ಪಿ. ಹತೋಟಿಯಲ್ಲಿದೆ ಎಂದು ಡಾಕ್ಟರು ಹೇಳಿದರು. ಎಡಗೈ ಎಡಗಾಲು ಗಟ್ಟಿ, ಬಲಗಡೆ ಮಾತ್ರ ಇನ್ನೂ ಮುನಿಸಿಕೊಂಡೇ ಇದೆ. ಮಾತು ಅವೇ ಎರಡು. ಕಂಡಕ್ಟರಾಗಿ ಬಸ್ಸಿನಲ್ಲಿ ಜೀವಮಾನವಿಡೀ ಕೂಗಿದ "ರೈಟ್" ಮತ್ತು "ಹೋಲ್ಡಾನ್" ಬಿಟ್ಟು ಉಳಿದದ್ದನ್ನೆಲ್ಲ ಆ ಲಕ್ವ ಅಳಿಸಿಕೊಂಡು ಹೋಯಿತು. ನೀರು ಬೇಕಾದರೂ ಹೋಲ್ಡಾನ್, ಸೊಳ್ಳೆ ಕಚ್ಚಿದರೂ ಹೋಲ್ಡಾನ್. ಕೆಳಗಿನ ಮನೆಯ ಆಂಟಿ ಹಗಲು ಅವರ ಹತ್ತಿರ ಕೂರುವುದರಿಂದ ನಾನು ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. "ನಿಮ್ಮಪ್ಪ ನನ್ನನ್ನ ಇವತ್ತು ಎಲ್ಲಾ ಸ್ಟಾಪಲ್ಲೂ ಇಳಿಸಿಬಿಟ್ರು" ಎಂದು ಸಂಜೆ ವರದಿ ಒಪ್ಪಿಸಿ ಕೆಳಗಿಳಿಯುತ್ತಾರೆ. ಆಮೇಲೆ ಅಪ್ಪನನ್ನು ಎತ್ತುವುದು, ಕೂರಿಸುವುದು, ತೊಳೆಯುವುದು, ಒರೆಸುವುದು. ಇದನ್ನೆಲ್ಲ ದೂರಾಗಿ ಬರೆಯುತ್ತಿಲ್ಲ. ಇರುವುದನ್ನು ಬರೆದೆ.

ಈಗ ನಿನ್ನ ಸಮುದ್ರದ ವಿಷಯ. ನಿನಗೆ ಕಾಲಡಿಯಲ್ಲಿ ಅಷ್ಟು ದೊಡ್ಡದೊಂದು ಇರುವಾಗ ನಮ್ಮ ನಡುಮನೆಯಲ್ಲೂ ಒಂದನ್ನು ಯಾಕೆ ಬಿಟ್ಟುಹೋದೆಯೋ! ಆ ಉಪ್ಪುನೀರಿನ ತೊಟ್ಟಿಯ ಚಾಕರಿಯಲ್ಲಿ ಮನೆಯ ಬಾಗಿಲ ಚಿಲಕಕ್ಕೂ ಉಪ್ಪು ಹತ್ತಿದೆ. ಆದರೂ ಅದನ್ನು ತೆಗೆಸುವ ಮಾತನ್ನು ನಾನು ಎತ್ತುವಂತಿಲ್ಲ, ಏಕೆಂದರೆ ಅಪ್ಪ ಊಟ ಮಾಡುವುದು ಅದರ ಮುಂದೆ ಕೂತಾಗ ಮಾತ್ರ. ಆ ಕಿತ್ತಳೆ ಬಣ್ಣದ ಬಿಳಿಪಟ್ಟೆ ಮೀನು ತನ್ನ ಕಡಲಹೂವಿನ ಎಸಳುಗಳ ಒಳಗೆ ಹೊಕ್ಕು ಹೊರಗೆ ಬರುತ್ತಿದ್ದರೆ ಅಪ್ಪ ಬಾಯಿ ತೆರೆಯುತ್ತಾರೆ, ನಾನು ಚಮಚ ಇಡುತ್ತೇನೆ. ಅದು ಹೂವಲ್ಲ, ಜೀವವಿರುವ ಪ್ರಾಣಿ, ಬೇಕಾದರೆ ತಾನೇ ಜಾಗ ಬದಲಿಸುತ್ತದೆ ಎಂದು ನೀನು ಹೇಳಿದ್ದಾಗ ನಾನು ನಂಬಿರಲಿಲ್ಲ. ಈಗ ನಂಬಿಕೆ ಬಂದಿದೆ, ಹೇಗೆ ಎಂದು ಕೇಳು.

ಹೋದ ತಿಂಗಳು ನೀನು ಹಾಕಿದ್ದ ಅಲೆ ಮೋಟರು ನಿಂತುಹೋಯಿತು. ಬಿಚ್ಚಿದೆ, ವಿನೆಗರಿನಲ್ಲಿ ನೆನೆಹಾಕಿದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ಕೊನೆಗೆ ಬೈದೂ ನೋಡಿದೆ. ಅಲುಗಲಿಲ್ಲ. ನೀರು ನಿಂತಲ್ಲೇ ನಿಂತು ಮೇಲೆ ಎಣ್ಣೆಯಂಥ ಪೊರೆ ಕಟ್ಟಿತು. ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗಿತು, ಅಪ್ಪ ಬಾಯಿ ಮುಚ್ಚಿಕೊಂಡರು. ಗಂಜಿಯ ಬಟ್ಟಲನ್ನು ಎಡಗೈಯಿಂದ ಆಚೆ ತಳ್ಳಿ ತೊಟ್ಟಿಯ ಕಡೆ ಬೆರಳು ಮಾಡುತ್ತಿದ್ದರು. ಮೀನಿನಂಗಡಿಗೆ ಓಡಿದೆ. ನಿನ್ನದರಂಥದ್ದು ತರಿಸಬೇಕು, ಬರುವುದು ತಡವಾಗುತ್ತದೆ ಎಂದ ಅಂಗಡಿಯವನು ಮೂಲೆಯಿಂದ ಒಂದು ಡಬ್ಬಿ ತೆಗೆದ. "ಇದು ಅಗ್ಗದ್ದು ಮೇಡಂ. ಕೆಲ್ಸ ಮಾಡತ್ತೆ. ಎಷ್ಟು ದಿನ ಅಂತ ಮಾತ್ರ ನನ್ನ ಕೇಳ್ಬೇಡಿ" ಅಂದ. ಮಾರುವವನ ಬಾಯಲ್ಲಿ ಇಷ್ಟು ನಿಜ ಕೇಳಿದ್ದೇ ಅಪರೂಪವಾಗಿದ್ದರಿಂದ ತೆಗೆದುಕೊಂಡುಬಿಟ್ಟೆ.

ಅದನ್ನು ಕೂರಿಸಿದ ಕಥೆ ನೀನಿದ್ದು ನೋಡಬೇಕಿತ್ತು. ನಿನ್ನದಕ್ಕೆ ಗಾಜಿನ ಆಚೆಗೊಂದು ಈಚೆಗೊಂದು ಆಯಸ್ಕಾಂತ, ಇದಕ್ಕೆ ರಬ್ಬರಿನ ಬಟ್ಟಲು. ಗಾಜಿಗೆ ಒತ್ತಿ ಕೈ ಬಿಟ್ಟರೆ ಒಂದು ಕ್ಷಣ ಸಾಧುವಿನ ಹಾಗೆ ಇದ್ದು ಆಮೇಲೆ ಟಪ್ ಎಂದು ಕಳಚಿಕೊಳ್ಳುತ್ತಿತ್ತು. ಗಾಜನ್ನು ಬ್ಲೇಡಿನಿಂದ ಕೆರೆದು, ರಬ್ಬರನ್ನು ಬಿಸಿನೀರಿನಲ್ಲಿ ಅದ್ದಿ ಒತ್ತಿದ ಮೇಲೆ ಹಿಡಿದುಕೊಂಡಿತು. ಸ್ವಿಚ್ ಹಾಕಿದೆ ನೋಡು, ತಳದ ಮರಳೆಲ್ಲ ಎದ್ದು ತೊಟ್ಟಿಯಲ್ಲಿ ಬಿರುಗಾಳಿ! ಅದಕ್ಕೆ ನಿಧಾನ ಅನ್ನುವುದೇ ಇಲ್ಲ, ಇದ್ದರೆ ಪೂರಾ ಜೋರು, ಇಲ್ಲದಿದ್ದರೆ ಇಲ್ಲ. ಮೀನು ಕಲ್ಲಿನ ಸಂದಿಗೆ ಓಡಿತು. "ಹೋಲ್ಡಾನ್! ಹೋಲ್ಡಾನ್!" ಎಂದು ಅಪ್ಪ ಕೋಲು ಕುಟ್ಟಿದರು. ಮೋಟರಿನ ಮುಖವನ್ನು ಮೇಲಕ್ಕೆ ತಿರುಗಿಸಿದೆ, ನೀರು ಹೊರಗೆ ಚಿಮ್ಮಿ ನನ್ನ ಮುಖಕ್ಕೆ ಬಂತು. ಎದುರಿನ ಗಾಜಿಗೆ ತಿರುಗಿಸಿದಾಗ ಆ ಗಾಜಿಗೆ ತಾಗಿ ಮೆತ್ತಗಾಗಿ ಹಿಂದಿರುಗಿತು. ಸದ್ದು ಮಾತ್ರ ಡಬ್ಬಿಯೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ. ಇರಲಿ, ಮೀನು ಹೊರಗೆ ಬಂತು, ಕಡಲಹೂವಿನ ಎಸಳುಗಳು ತೂಗಾಡಿದವು, ಅಪ್ಪ ಎರಡು ಬಟ್ಟಲು ಗಂಜಿ ಕುಡಿದರು. ನಾನು ಅಲ್ಲೇ ಚಾಪೆಯ ಮೇಲೆ ಕಾಲು ಚಾಚಿದೆ. ಗೆದ್ದೆ ಅಂದುಕೊಂಡೆ.

ಆದರೆ ಕಡಲಹೂವಿಗೆ ಆ ಅಲೆ ಹಿಡಿಸಲಿಲ್ಲವೋ ಏನೋ, ತನ್ನ ಕಲ್ಲು ಬಿಟ್ಟು ಹೊರಟಿತು. ಬೆಳಿಗ್ಗೆ ನೋಡಿದರೆ ಒಂದು ಕಡೆ, ಸಂಜೆ ಬಂದರೆ ಇನ್ನೊಂದು ಕಡೆ. ಗಾಜಿಗೆ ಅಂಟಿಕೊಂಡು ಮೋಟರಿನ ಕಡೆಗೇ ಹತ್ತುತ್ತಿತ್ತು. ಅದರ ಪಾಡಿಗೆ ಅದು ಇಳಿಯುತ್ತದೆ ಎಂದು ಸುಮ್ಮನಿದ್ದೆ. ರಜೆಯ ದಿನ ನಾನು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅಪ್ಪ ಹೋಲ್ಡಾನ್ ಅಂದರು. "ಬಂದೆ ಇರಪ್ಪಾ" ಎಂದೆ. ಮತ್ತೆ ಅಂದರು. ಆಮೇಲೆ ಕೋಲು ಬಿದ್ದ ಸದ್ದು, ಕುರ್ಚಿ ಎಳೆದ ಸದ್ದು. ಓಡಿ ಬಂದರೆ ಅಪ್ಪ ಎಡಗೈಯಿಂದ ಗೋಡೆ ಹಿಡಿದು ಒಂಟಿ ಕಾಲಿನ ಬಲದ ಮೇಲೆ ಪ್ಲಗ್ಗಿನ ಹತ್ತಿರ ನಿಂತಿದ್ದಾರೆ, ತೊಟ್ಟಿಯ ನೀರು ಹಾಲಿನ ಹಾಗೆ ಬೆಳ್ಳಗೆ. ಮೋಟರಿನ ಸಂದುಗಳೊಳಗೆ ಹೂವಿನ ಎಸಳುಗಳು ಸಿಕ್ಕಿ ಪುಡಿಯಾಗುತ್ತಿದ್ದವು. ಅಪ್ಪನನ್ನು ಹಿಡಿಯಲೋ ಪ್ಲಗ್ ಕೀಳಲೋ ತಿಳಿಯಲಿಲ್ಲ. ಒಂದು ತೋಳಿನಲ್ಲಿ ಅವರನ್ನು ತಬ್ಬಿಕೊಂಡು ಕಾಲಿನಿಂದ ವೈರು ಎಳೆದೆ. ಇಬ್ಬರೂ ಗೋಡೆಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕೂತೆವು. ಅವರಿಗೆ ಪೆಟ್ಟಾಗಲಿಲ್ಲ, ಹೆದರಬೇಡ. ಆದರೆ ಕೂತಲ್ಲೇ ಅವರ ಪಂಚೆ ಒದ್ದೆಯಾಯಿತು, ಅವರು ಮುಖ ಆಚೆ ತಿರುಗಿಸಿದರು.

ಆಗ ಯಾವುದನ್ನು ಮೊದಲು ಮಾಡಲಿ ಹೇಳು. ಅಪ್ಪನಿಗೆ ಬಟ್ಟೆ ಬದಲಿಸಿ ಹಾಸಿಗೆಗೆ ಸೇರಿಸಿದೆ. ತೊಟ್ಟಿಯಿಂದ ಚೂರುಗಳನ್ನು ಬಲೆಯಲ್ಲಿ ಎತ್ತಿದೆ, ಕೆಟ್ಟ ನೀರನ್ನು ಬಕೆಟ್ಟುಗಟ್ಟಲೆ ತೆಗೆದೆ, ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರು ತುಂಬಿದೆ. ಉಳಿದ ಅರ್ಧ ಹೂವು ಮುಷ್ಟಿಯಷ್ಟಾಗಿ ಮುದುಡಿ ಕಲ್ಲಿನ ಬುಡದಲ್ಲಿ ಬಿದ್ದಿತ್ತು. ಅಂಗಡಿಯವನಿಗೆ ಫೋನು ಮಾಡಿದರೆ, "ಕೊಳೆತ ವಾಸನೆ ಬಂದ್ರೆ ತಕ್ಷಣ ತೆಗೆದುಬಿಡಿ. ಬರ್ಲಿಲ್ಲಾಂದ್ರೆ ಬದುಕಿದೆ ಅಂತ ಅರ್ಥ" ಅಂದ. ನೆಲ ಒರೆಸುತ್ತಾ ಒರೆಸುತ್ತಾ ಬಟ್ಟೆಯನ್ನು ಅಲ್ಲೇ ಬಿಟ್ಟು ಕೂತುಬಿಟ್ಟೆ ಗುಂಡಾ. ಅಳು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ಮೈಯೆಲ್ಲ ಹಿಂಡಿ ಹರವಿದ ಬಟ್ಟೆಯಂತಾಗಿತ್ತು.

ಮರುದಿನ ಆ ಮೋಟರನ್ನು ಚೀಲದಲ್ಲಿ ಹಾಕಿಕೊಂಡು ಲ್ಯಾಬಿಗೆ ಹೋದೆ. ಊರವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವವಳು ಇದರ ಬಾಯಿಗೊಂದು ಜಾಲರಿ ಮಾಡಲಾರೆನೇ ಅನ್ನಿಸಿತು. ಊಟದ ಬಿಡುವಿನಲ್ಲಿ ಮೇಣದಿಂದ ಅಳತೆ ತೆಗೆದೆ, ಅಚ್ಚು ಹಾಕಿದೆ, ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕನ್ನೇ ತುಂಬಿ ಕುದಿಸಿದೆ. ಸಣ್ಣ ಡ್ರಿಲ್ಲಿನಿಂದ ತೂತು ಕೊರೆಯುತ್ತಿದ್ದಾಗ ಯಜಮಾನಿ ಹಿಂದೆ ಬಂದು ನಿಂತರು. "ಇದು ಯಾವ ಪೇಷೆಂಟಿಂದು?" ಅಂದರು. "ಬಾಯಿಲ್ಲದ ಪ್ರಾಣೀದು ಮೇಡಂ" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಆ ಜಾಲರಿಯನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಬೆರಳು ಆಡಿಸಿ, ಸ್ಟೂಲು ಎಳೆದುಕೊಂಡು ಕೂತು ಬೇರೆ ಮಾತು ತೆಗೆದರು. ಅದು ಇರಲಿ.

ಜಾಲರಿ ಹಾಕಿ ಮೋಟರನ್ನು ಮತ್ತೆ ಕೂರಿಸಿದೆ. ಒಳ್ಳೆಯದೇ ಆಯಿತು, ಅದರ ಅಬ್ಬರ ಅರ್ಧಕ್ಕೆ ಇಳಿಯಿತು, ಮರಳೂ ಏಳುವುದಿಲ್ಲ. ಎರಡು ದಿನಕ್ಕೊಮ್ಮೆ ಜಾಲರಿಯನ್ನು ತಿಕ್ಕಬೇಕು, ಇಲ್ಲವಾದರೆ ಪಾಚಿ ಕಟ್ಟುತ್ತದೆ. ನೋಡಲು ಮಾತ್ರ ತೊಟ್ಟಿಯ ಮೂಲೆಯಲ್ಲಿ ಯಾರದೋ ವಸಡು ಇಟ್ಟ ಹಾಗಿದೆ. ಕೆಳಗಿನ ಆಂಟಿ ಮೊದಲ ದಿನ ಬೆಚ್ಚಿಬಿದ್ದರು. ಕಡಲಹೂವು ಕೊಳೆಯಲಿಲ್ಲ. ಬಹಳ ದಿನ ಮುದುಡಿಕೊಂಡೇ ಇದ್ದು ಈಗ ಮೊಂಡು ಎಸಳುಗಳನ್ನು ಚಾಚುತ್ತಿದೆ. ಮೀನು ಅದರ ಪಕ್ಕವೇ ಕಾದುಕೊಂಡಿತ್ತು, ನಿನ್ನೆ ಒಳಗೆ ಮೂತಿ ಇಟ್ಟಿತು. ಆ ಹೊತ್ತಿಗೆ ಅಪ್ಪ ಹಿಂದೆ ತಿರುಗಿ ನನ್ನನ್ನು ನೋಡಿ ಮೆಲ್ಲಗೆ "ರೈಟ್" ಅಂದರು. ಕೂಗಲಿಲ್ಲ, ಮನೆಯವರ ಹತ್ತಿರ ಮಾತಾಡುವ ದನಿಯಲ್ಲೇ ಅಂದರು. ಲಕ್ವ ಹೊಡೆದ ಮೇಲೆ ಆ ದನಿಯನ್ನು ನಾನು ಕೇಳಿರಲಿಲ್ಲ.

ಅಗ್ಗದ ಮೋಟರು ಹೇಗಿದೆ ಎಂದು ನೀನು ಕೇಳಿದರೆ, ನಡೆಯುತ್ತದೆ. ಆದರೆ ಪಕ್ಕದಲ್ಲಿ ಸದಾ ಯಾರಾದರೂ ಒಬ್ಬರು ಇರಬೇಕು. ಬಿಸಿಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ, ಬೆನ್ನಿಗೆ ಪಟ್ಟಿ ಕಟ್ಟಿಕೊಳ್ಳದೆ ಮೂಟೆ ಎತ್ತಬೇಡ. ಆಂಟಿ ನಿನ್ನನ್ನು ಕೇಳಿದರು. ಅಪ್ಪನ ಎಡಗೈಯನ್ನು ಈ ಕಾಗದದ ಮೇಲೆ ಇರಿಸಿ ತೆಗೆದಿದ್ದೇನೆ, ಅದನ್ನೇ ಆಶೀರ್ವಾದ ಅಂದುಕೋ. ನನ್ನದಂತೂ ಯಾವಾಗಲೂ ಇದ್ದೇ ಇದೆ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ. ಅಪ್ಪ ನಿದ್ದೆಯಿಂದ ಏಳುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಯಜಮಾನಿ ಬೇರೆ ಊರಿನಲ್ಲಿ ಇನ್ನೊಂದು ಲ್ಯಾಬು ತೆರೆಯುತ್ತಿದ್ದಾರೆ. ಅದನ್ನು ಪೂರ್ತಿ ನಾನೇ ನೋಡಿಕೊಳ್ಳಬೇಕಂತೆ. ಈ ಮೊದಲೂ ಒಮ್ಮೆ ಕೇಳಿದ್ದರು, ಆಗ ಅಪ್ಪನ ಕಾರಣ ಹೇಳಿ ಆಗುವುದಿಲ್ಲ ಅಂದಿದ್ದೆ, ನಿನಗೆ ತಿಳಿಸಲಿಲ್ಲ. ಈ ಸಲ ಆಗಲಿ ಅಂದಿದ್ದೇನೆ. ನನಗೆ ಆ ಕೆಲಸ ಬೇಕು ಗುಂಡಾ, ಸುಸ್ತಾಗಿದೆ ಅನ್ನುವುದು ಒಂದೇ ಕಾರಣವಲ್ಲ. ನಿನ್ನೆ ಊಟ ಮಾಡಿಸುವಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರು ನನ್ನ ಕೈಯಿಂದ ಚಮಚ ಕಿತ್ತುಕೊಂಡು ಎಡಗೈಯಲ್ಲಿ ತಾವೇ ತಿಂದರು, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡು, ಪೂರ್ತಿ ಮುಗಿಸುವವರೆಗೂ ಬಿಡಲಿಲ್ಲ. ಈ ಸುತ್ತು ಮುಗಿದ ಮೇಲೆ ಮುಂದಿನ ಹಡಗಿಗೆ ಸಹಿ ಹಾಕಬೇಡ. ಇನ್ನು ನಿನ್ನ ಸರದಿ. ನಿನ್ನ ಕೈಯಡುಗೆ ಅವರಿಗೆ ನನ್ನದಕ್ಕಿಂತ ಹೆಚ್ಚು ಹಿಡಿಸುತ್ತದೆ, ಅದು ನನಗೆ ಹಿಂದಿನಿಂದಲೂ ಗೊತ್ತು. ಉತ್ತರದಲ್ಲಿ ಬರುವ ತಾರೀಕೊಂದನ್ನು ಬರೆ, ಕಾರಣ ಏನೂ ಬರೆಯಬೇಡ.