ಹತ್ತು ಎಣಿಸುವವರೆಗೆ

ಮಾರ್ಚ್ ೧೨, ಗುರುವಾರ

ಐದು ಅಂಕ ಹೋದದ್ದು ಇನ್ನೂ ಚುಚ್ಚುತ್ತಿದೆ. ಲೆಕ್ಕದಲ್ಲಲ್ಲ. ಹಣಕಾಸು ಸಲಹೆಗಾರರ ಈ ಕೋರ್ಸಿನಲ್ಲಿ ಲೆಕ್ಕಕ್ಕೆ ನನ್ನನ್ನು ಮೀರಿಸುವವರಿಲ್ಲ. ಹೋದದ್ದು ಬಾಯಿಂದ. ಅಣಕು ಸಂದರ್ಶನದಲ್ಲಿ ಮೇಡಂ ಗ್ರಾಹಕರಾಗಿ ಕೂತಿದ್ದರು. ನಿಮ್ಮ ಗುರಿ ಏನು ಎಂದು ಕೇಳಿ, ಅವರಿನ್ನೂ ಯೋಚಿಸುತ್ತಿರುವಾಗಲೇ "ಮನೆ ಕಟ್ಟೋದಾ?" ಎಂದು ಉತ್ತರವನ್ನೂ ನಾನೇ ಕೊಟ್ಟೆ.

"ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಮ್ಮ. ಅಲ್ಲೀವರೆಗೂ ಬಾಯಿಗೆ ಬೀಗ," ಎಂದರು.

ಸಂಜೆ ಅಪ್ಪನನ್ನೇ ಗ್ರಾಹಕರನ್ನಾಗಿ ಕೂರಿಸಿಕೊಂಡೆ. ಇನ್ನೆರಡು ವರ್ಷಕ್ಕೆ ಬಸ್ಸಿನ ಸ್ಟೇರಿಂಗ್ ಬಿಡುವ ಮನುಷ್ಯ. ಸಂಬಳ, ವಿಮೆ, ಉಳಿತಾಯ ಎಲ್ಲ ಪಟಪಟನೆ ಹೇಳಿದರು. ಗುರಿ ಕೇಳಿದೆ.

"ನಂದೇನಿದೆಯೇ? ನಿಂಗೊಂದು ನೆಲೆಯಾದ್ರೆ ಸಾಕು."

ಅದನ್ನೇ ಬರೆದು ಮುಗಿಸುತ್ತಿದ್ದೆ. ಪೆನ್ನು ಕೆಳಗಿಟ್ಟು ಎಣಿಸಿದೆ. ನಾಲ್ಕಕ್ಕೆ ಕೆಮ್ಮಿದರು. ಆರಕ್ಕೆ ಕನ್ನಡಕ ಒರೆಸಿದರು. ಎಂಟಕ್ಕೆ, ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳದಂತೆ ದನಿ ತಗ್ಗಿಸಿ, "ಈಜು ಕಲೀಬೇಕು ಕಣೆ," ಎಂದರು.

ಕೋರ್ಸಿನಲ್ಲಿ ಕೊಟ್ಟ ಗ್ರಾಹಕರ ಫಾರಮ್ಮಿನ ಗುರಿಗಳ ಪಟ್ಟಿಯಲ್ಲಿ ಮನೆ ಇದೆ, ಮದುವೆ ಇದೆ, ಈಜು ಇಲ್ಲ. 'ಇತರೆ' ಎನ್ನುವ ಕಡೆ ಬರೆದೆ. ನಗು ಬಂದರೂ ನುಂಗಿಕೊಂಡೆ.

"ಫೀಸು ಎಷ್ಟಾಗುತ್ತೋ ವಿಚಾರಿಸೋಣಪ್ಪ."

"ವಿಚಾರಿಸಿ ಏಳು ವರ್ಷ ಆಯ್ತು."

ಶನಿವಾರ ಮರುಪರೀಕ್ಷೆ. ಆ ಐದನ್ನೂ ಗಿಟ್ಟಿಸದೆ ಬಿಡುವವಳಲ್ಲ ನಾನು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಏಳು ವರ್ಷ. ದಿನಾ ಎದುರುಬದುರು ಕೂತು ಉಂಡಿದ್ದೇವೆ, ಒಂದು ದಿನವೂ ನಾನು ಎಂಟು ಎಣಿಸುವವರೆಗೆ ಸುಮ್ಮನಿರಲಿಲ್ಲವಲ್ಲ.