ಉಬ್ಬಿದ ಕೆಪ್ಯಾಸಿಟರ್

ಮಾರ್ಚ್ 12, ಬುಧವಾರ. ಮಧ್ಯಾಹ್ನ, ಅಂಗಡಿ

ರಿಪೇರಿಗೆ ಬಂದ ಮಿಕ್ಸರು, ಇನ್ವರ್ಟರು ಸಾಲಾಗಿ ಕೂತಿವೆ. ಯಾವುದಕ್ಕೂ ಕೈ ಹಾಕಿಲ್ಲ. ಬೆಳಿಗ್ಗೆ ಅವ್ವನ ಆಕ್ಸಿಜನ್ ಮಷೀನು ಕುಂಯ್ ಅಂತ ಕೂಗಿ ನಿಂತುಬಿಟ್ಟಿತು. ಶಿವಗಂಗಾ ಫೋನಿನಲ್ಲಿ — "ಲಗೂ ಮನಿಗಿ ಬರ್ರಿ, ಅತ್ತೇರಿಗಿ ದಮ್ಮ ಹತ್ತಾಕತ್ತದ." ಹೆಂಡತಿ ಹಾಗೆ ಕೂಗಿದ್ದು ಇದೇ ಮೊದಲು. ಚಪ್ಪಲಿ ಬಿಟ್ಟೇ ಓಡಿದೆ.

ಸದ್ಯ ಬಾಡಿಗೆ ಸಿಲಿಂಡರ್ ತಂದು ಹಚ್ಚಿದ್ದೇನೆ. ನಾಳೆಯವರೆಗೆ ಬರಬಹುದು. ನಮ್ಮ ವಾಡಿ ಊರಿನಲ್ಲಿ ಇನ್ನೊಂದು ಸಿಗಲಿಲ್ಲ.

ಬೋರ್ಡ್ ಬಿಚ್ಚಿದ ಕೂಡಲೇ ಕಂಡಿತು. ಕರೆಂಟು ತುಂಬಿಡುವ ಬೆರಳುದ್ದದ ಕೆಪ್ಯಾಸಿಟರ್ ಒಂದರ ತಲೆ ಉಬ್ಬಿದೆ, ಬುಡದಲ್ಲಿ ಕಂದು ಕಲೆ. ಬೇರೆಯವರದಾಗಿದ್ದರೆ ಸೀಟಿ ಹೊಡೆಯುತ್ತ ಬದಲಿಸುತ್ತಿದ್ದೆ. ಅವ್ವನದು. ಈ ಅಳತೆಯದು ನನ್ನಲ್ಲಿಲ್ಲ.

ಸಂಜೆ

ಶಹಾಬಾದಿಗೆ ಹೋಗಿ ಶೌಕತ ಅಲಿ ಅಂಗಡಿಯಿಂದ ಅದೇ ಅಳತೆಯದು ತಂದೆ. ಐಟಿಐನಲ್ಲಿ ಕೂಡಿ ಓದಿದವನು, ಸ್ಪೇರ್ ಪಾರ್ಟ್ಸ್ ಮಾರುತ್ತಾನೆ. ಹಳೆಯದನ್ನು ಕಾಯಿಸಿ ಕಿತ್ತೆ. ಹೊಸದರ ಪ್ಲಸ್-ಮೈನಸ್ ನೋಡಿದೆ, ನಂಬಿಕೆ ಬಾರದೆ ಮತ್ತೆ ನೋಡಿದೆ. ಸೋಲ್ಡರ್ ಮಾಡಿದೆ. ಮಷೀನು ಗುರ್ ಅಂತು. ಅವ್ವನ ಮೂಗಿಗೆ ನಳಿಗೆ ಸಿಕ್ಕಿಸಿ, ಮಷೀನಿಗೆ ಗವಸು ಹೊದಿಸಿ, ಹಿಂದಿನ ಲಾಡಿ ಬಿಗಿಯಾಗಿ ಕಟ್ಟಿ ಬಂದೆ. ಬದುಕಿದೆ.

ಏಪ್ರಿಲ್ 21, ಸೋಮವಾರ. ಬೆಳಿಗ್ಗೆ

ಮತ್ತೆ ನಿಂತಿತು. ಅದೇ ಕೆಪ್ಯಾಸಿಟರ್, ಅದೇ ಉಬ್ಬು. ಅವ್ವನ ತುಟಿ ನೀಲಿ. ಮತ್ತೆ ಸಿಲಿಂಡರ್.

ಸಿಟ್ಟು ನೆತ್ತಿಗೇರಿತ್ತು. ಶಹಾಬಾದಿಗೆ ಹೋದವನೇ ಶೌಕತನ ಕೌಂಟರ್ ಮೇಲೆ ಉಬ್ಬಿದ್ದನ್ನು ಕುಕ್ಕಿದೆ. "ಡೂಪ್ಲಿಕೇಟ್ ಮಾಲ್ ಕೊಡ್ತಿ? ನಮ್ಮವ್ವನ ಜೀವ ಅದ ಇದರಾಗ!" ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವನು ದನಿ ಏರಿಸಲಿಲ್ಲ. "ಅದೇ ಡಬ್ಬಿದಾಗಿಂದು ಭಾಳ ಮಂದಿ ಒಯ್ದಾರ. ಯಾರ್ದೂ ವಾಪಸ್ ಬಂದಿಲ್ಲ ನೋಡಪಾ." ಇನ್ನೊಂದು ಕೊಟ್ಟು ಮುಖ ತಿರುಗಿಸಿದ.

ಅದೇ ದಿನ, ಮಧ್ಯಾಹ್ನ

ಬದಲಿಸಿ, ಮತ್ತೆ ಗವಸು ಹೊದಿಸಿದ್ದಾಯಿತು. ಅಂಗಡಿಗೆ ಹೋಗಲಿಲ್ಲ. ಮಷೀನಿನ ಪಕ್ಕ ಕೂರುತ್ತೇನೆ, ಏಳುತ್ತೇನೆ, ಮತ್ತೆ ಕೂರುತ್ತೇನೆ. ಸುಮ್ಮನೆ ಗವಸಿನ ಮೇಲೆ ಕೈಯಿಟ್ಟೆ — ಸುಡುತ್ತಿತ್ತು. ಹಿಂದೆ ಕೈ ತೂರಿಸಿದೆ. ಬಿಸಿ ಗಾಳಿ ಹೊರಬೀಳುವ ಕಿಂಡಿಗೆ ದಪ್ಪ ಬಟ್ಟೆ ಮೆತ್ತಿಕೊಂಡಿತ್ತು. ಕೆಪ್ಯಾಸಿಟರ್ ಒಳಗೇ ಬೇಯುತ್ತಿದೆ, ಉಬ್ಬದೆ ಇನ್ನೇನು! ಲಾಡಿ ಬಿಗಿದವನು ನಾನೇ.

ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಸಿಮೆಂಟಿನ ಧೂಳು ಬೀಳುವ ಊರು. ಟಿವಿಗೆ ಗವಸು, ಫ್ರಿಜ್ಜಿಗೆ ಗವಸು, ಕರೆಂಟು ಅಳೆಯುವ ನನ್ನ ಮೀಟರಿಗೂ ಗವಸು. ಹೊದಿಸದ ಯಂತ್ರ ಬರಿಮೈಯಲ್ಲಿದ್ದಂತೆ ಕಾಣುತ್ತದೆ ನಮಗೆ. ಕಣ್ಣೆದುರಿಗಿದ್ದೂ ಕಾಣಲಿಲ್ಲ. ಗಿರಾಕಿ ಹೀಗೆ ಮಾಡಿದ್ದರೆ ಎಷ್ಟು ಬೈದಿರುತ್ತಿದ್ದೆ!

ಈಗಲೇ ತೆಗೆಯಬೇಕು. ಅವ್ವ ಮಲಗಿದ್ದಾಳೆ, ಲಾಡಿ ಬಿಚ್ಚಿ ಹಿಂಭಾಗ ಮೇಲೆತ್ತಿದ್ದೇನೆ. ಪೂರ್ತಿ ತೆಗೆಯಲು ಧೈರ್ಯವಿಲ್ಲ. ಹೊಲಿದವಳು ಅವಳೇ. ವರ್ಷಗಟ್ಟಲೆ ದುಡಿದ ಪಾಲಿಶ್ ಫ್ಯಾಕ್ಟರಿಯ ಕಲ್ಲಿನ ಪುಡಿ ಎದೆ ತಿಂದ ಮೇಲೆ ರೊಟ್ಟಿ ಬಡಿಯಲೂ ಆಗದವಳು, ಚಳಿಗಾಲವೆಲ್ಲ ಹಳೆ ಅರಿವೆ ಕೂಡಿಸಿ ಕೌದಿಯ ಹಾಗೆ ಹೊಲಿದಳು. ನಾಲ್ಕು ಹೊಲಿಗೆ ಹಾಕುವುದು, ದಣಿವಾರಿಸಿಕೊಳ್ಳುವುದು. ಬಂದವರಿಗೆಲ್ಲ ತೋರಿಸುತ್ತಾಳೆ. ಹೇಗೆ ಹೇಳಲಿ...

ಏಪ್ರಿಲ್ 22, ಮಂಗಳವಾರ. ಬೆಳಿಗ್ಗೆ

ಶೌಕತನಿಗೆ ಫೋನ್ ಮಾಡಿ, ಗವಸಿನ ವಿಷಯ ಹೇಳಿ, ತಪ್ಪಾಯಿತು ಅಂದೆ. "ಇರ್ಲಿ ಬಿಡಪಾ. ಅವ್ವಗ ಹೇಳ್ದೇನು?" ಆಮೇಲೆ ಮಾಡುತ್ತೇನೆ ಅಂತ ಫೋನ್ ಇಟ್ಟೆ.

ಅವ್ವ ಮುಖ ತೊಳೆಯಲು ಎದ್ದಾಗ ಗವಸು ತೆಗೆದು ಮಡಚಿಟ್ಟೆ. ಬಂದವಳು ನೋಡಿದಳು.

"ಯಾಕ ತಗದಿ?"

"ಧೂಳ ಆಗ್ಯಾದವ್ವಾ. ಒಗೀಲಿಕ್ಕೆ."

ಹಾಸಿಗೆಯ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು. "ಧೂಳ ನನ್ನ ಎದ್ಯಾಗ ಹೊಕ್ಕಿತು. ಅದರ ಎದ್ಯಾಗ ಹೋಗಬಾರ್ದಂತ ಹೊಲ್ದೆ ನಾ." ನಳಿಗೆ ಮೂಗಿಗೆ ಸಿಕ್ಕಿಸಿಕೊಂಡು, "ಈ ಗವಸಿಂದೇ ಕೆಡ್ತಿತ್ತೇನೋ, ಬಸವಲಿಂಗ? ಖರೇ ಹೇಳು."

ಹೂಂ ಅಂದೆ.

ಗವಸನ್ನು ತೊಡೆಯ ಮೇಲೆ ಎಳೆದುಕೊಂಡಳು. ಅಳುತ್ತಾಳೆ ಅಂದುಕೊಂಡೆ. "ಕತ್ರಿ ಕೊಡು. ಗಾಳಿ ಎಲ್ಲಿಂದ ಹೋಗ್ತದ, ಎಲ್ಲಿಂದ ಬರ್ತದ, ತೋರ್ಸು." ಎರಡೂ ಜಾಗ ತೋರಿಸಿದೆ. ಬಿಸಿ ಗಾಳಿಯ ಕಡೆಯ ತುಂಡು ತೀರಿಹೋದ ಅಪ್ಪನ ಧೋತರದ್ದು. ಕತ್ತರಿ ಅಲ್ಲಿ ನಿಂತಿತು.

"ಬ್ಯಾಡವ್ವಾ," ಅಂದೆ.

"ನಿಮ್ಮಪ್ಪ ಇದ್ರ ಏನಂತಿದ್ರು? ಮೊದಲ ಉಸುರಾಡು ಅಂತಿದ್ರು."

ಕತ್ತರಿಸಿಬಿಟ್ಟಳು.

ಈಗ ಅಂಚು ಮಡಚಿ ಹೊಲಿಯಲು ಕೂತಿದ್ದಾಳೆ. ಕಣ್ಣು ಕಾಣದೆ ಸೂಜಿಗೆ ದಾರ ಪೋಣಿಸಿಕೊಡು ಅಂತ ಕೂಗುತ್ತಿದ್ದಾಳೆ, ಬರೆಯುವುದು ಆಮೇ—