ಕೆಂಪು ಸಾಲಿಲ್ಲದೆ ಹೊರಟ ಆರುನೂರು ಪತ್ರಗಳು

ಆಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯಿಂದ ಕಳೆದ ತಿಂಗಳು ಮನೆಗೆ ಹೋದ ಸುಮಾರು ಆರುನೂರು ರೋಗಿಗಳ ಕೈಯಲ್ಲಿ ಅಪಾಯಕಾರಿಯಾದ ಒಂದು ಕಾಗದವಿದೆ. ಅವುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ನಾನೇ ಟೈಪು ಮಾಡಿದ್ದು. ಅವನ್ನು ವಾಪಸು ತರಿಸಿ ಎಂದು ಒಂದು ವಾರ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಕಾದೆ. ಬಾಗಿಲು ತೆರೆಯಲಿಲ್ಲ. ಆದ್ದರಿಂದ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನನಗೆ ಭಯವಾಗಿದೆ, ಅದನ್ನು ಮುಚ್ಚಿಟ್ಟು ಗಂಭೀರವಾಗಿ ಬರೆಯುವ ಚೈತನ್ಯ ಉಳಿದಿಲ್ಲ.

ನಾನು ಬಿಡುಗಡೆ ಪತ್ರ ವಿಭಾಗದ ಟೈಪಿಸ್ಟ್. ವೈದ್ಯರು ಹೇಳಿ ರೆಕಾರ್ಡ್ ಮಾಡಿದ್ದನ್ನು ಕಿವಿಗೆ ಸಿಕ್ಕಿಸಿಕೊಂಡು ಟೈಪು ಮಾಡುವವಳು. ನಮ್ಮ ಕೋಣೆಯಲ್ಲಿ ನಾಲ್ಕು ಮೇಜು, ಒಂದು ಕಿಟಕಿ, ಸದಾ ಕೆಮ್ಮುವ ಒಂದು ಪ್ರಿಂಟರ್. ನಿವೃತ್ತರಾಗಿರುವ ನಮ್ಮ ಹಿರಿಯ ಟೈಪಿಸ್ಟ್, ನಾವು ದೊಡ್ಡಕ್ಕ ಎನ್ನುತ್ತಿದ್ದವರು, ಬಹಳ ವರ್ಷಗಳ ಹಿಂದೆ ನಮಗಾಗಿ ಒಂದು ಮ್ಯಾಕ್ರೊ ಬರೆದಿದ್ದರು. ಮ್ಯಾಕ್ರೊ ಎಂದರೆ ನೀವು ಹೆದರಬೇಕಿಲ್ಲ. ಒಂದು ಗುಂಡಿ ಒತ್ತಿದರೆ ಹತ್ತು ಕೆಲಸ ತಾನೇ ಮಾಡಿ ಮುಗಿಸುವ ಒಂದು ಸೂಚನೆ, ಅಷ್ಟೇ. ನಾವು ಗುಂಡಿ ಒತ್ತಿದರೆ ಅದು ರೋಗಿಯ ದಾಖಲೆಗೆ ಹೋಗಿ, ಯಾವ ಔಷಧ ಅವರಿಗೆ ಆಗುವುದಿಲ್ಲ ಎಂದು ನೋಡಿ, ಪತ್ರದ ನೆತ್ತಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಯುತ್ತಿತ್ತು. ಹೊರಗಿನ ಕ್ಲಿನಿಕ್ಕುಗಳು ಮೊದಲು ನೋಡುವುದು ಆ ಸಾಲನ್ನೇ. ಸಾಲು ಇಲ್ಲದಿದ್ದರೆ ಯಾವ ಔಷಧವೂ ನಡೆಯುತ್ತದೆ ಎಂದು ಅವರ ಲೆಕ್ಕ.

ಕಳೆದ ತಿಂಗಳ ಒಂದು ಸೋಮವಾರ ನೀವು, ನಾವು ಪತ್ರ ಟೈಪು ಮಾಡುವ ತಂತ್ರಾಂಶವಾದ ಪದಸಂಸ್ಕಾರಕವನ್ನು ಹೊಸ ಆವೃತ್ತಿಗೆ ಏರಿಸಿದಿರಿ. 'ನವೀಕರಣ ಯಶಸ್ವಿ' ಎಂದು ಸುತ್ತೋಲೆಯನ್ನೂ ಹೊರಡಿಸಿದಿರಿ. ಯಾರ ಯಶಸ್ಸು ಎಂದು ಕೇಳಬಹುದೇ? ಗುಂಡಿ ಒತ್ತಿದಾಗಲೆಲ್ಲ ನಮ್ಮ ಪರದೆಯ ನಡುವೆ ಒಂದು ಬೂದು ಡಬ್ಬಿ ಎದ್ದು ನಿಲ್ಲುತ್ತಿತ್ತು. ಆಡ್-ಇನ್ ಎಂದೋ, ನಿಷ್ಕ್ರಿಯ ಎಂದೋ ಅದರಲ್ಲಿ ಏನೇನೋ ಇತ್ತು. ನಾಲ್ವರೂ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದೆವು.

"ಓಕೆ ಒತ್ತಿ ಮುಂದೆ ಹೋಗಿ ಮೇಡಂ. ಅದೇನೂ ಮಾಡಲ್ಲ," ಎಂದರು ಅಲ್ಲಿಯ ತಂತ್ರಜ್ಞರು.

ನಾವು ಓಕೆ ಒತ್ತಿದೆವು. ದಿನಕ್ಕೆ ಇಪ್ಪತ್ತು ಸಲ ಒತ್ತಿದೆವು. ಮೂರನೆಯ ದಿನ, ಕೆಲಸ ನಿಧಾನವಾಗುತ್ತಿದೆ ಎಂದು ನಾವು ಮತ್ತೆ ಗೊಣಗಿದ್ದಕ್ಕೆ, ಅವರು ಬಂದು ಎರಡೇ ನಿಮಿಷದಲ್ಲಿ ಆ ಡಬ್ಬಿ ಬರುವುದನ್ನೇ ನಿಲ್ಲಿಸಿದರು. ದೋಷ ಹೋಗಲಿಲ್ಲ, ದೋಷದ ಸೂಚನೆ ಹೋಯಿತು. ಕುಕ್ಕರ್ ಕೂಗುತ್ತದೆಂದು ಅದರ ಬಾಯಿಗೆ ಬಟ್ಟೆ ತುರುಕಿದ ಹಾಗೆ. ದೂರಿನ ಪುಸ್ತಕದಲ್ಲಿ 'ಪರಿಹರಿಸಲಾಗಿದೆ' ಎಂದು ಬರೆದು ನನ್ನಿಂದಲೇ ಸಹಿ ಹಾಕಿಸಿಕೊಂಡರು. ನಾನು ಹಾಕಿದೆ, ಥ್ಯಾಂಕ್ಸ್ ಕೂಡ ಹೇಳಿದೆ.

ಕೆಂಪು ಸಾಲು ಬಿದ್ದಿಲ್ಲವೆಂದು ನಿಮಗೆ ಕಾಣಲಿಲ್ಲವೇ ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ನಾವು ಪರದೆ ನೋಡಿ ಟೈಪು ಮಾಡುವವರಲ್ಲ. ಕಣ್ಣು ಗೋಡೆಯ ಮೇಲೆ, ಕಿವಿ ವೈದ್ಯರ ದನಿಯ ಮೇಲೆ, ಬೆರಳು ತಮ್ಮ ಪಾಡಿಗೆ ತಾವು. ಪರದೆ ನೋಡಿದವಳ ವೇಗ ಸತ್ತಿತು ಎಂಬುದು ನಮ್ಮ ಕೋಣೆಯ ಮೊದಲ ಪಾಠ, ಮತ್ತು ದಿನಕ್ಕೆ ಇಷ್ಟು ಪತ್ರ ಆಗಲೇಬೇಕೆಂಬುದು ನಿಮ್ಮ ಆದೇಶ. ಮುದ್ರಿಸಿ, ಮಡಚಿ, ಲಕೋಟೆಗೆ ಹಾಕಿದೆವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕುಂಬಳಕಾಯಿ ಹೊತ್ತುಕೊಂಡೇ ನಿಮ್ಮೆದುರು ನಿಂತಿದ್ದೇನೆ, ಹೆಗಲು ಹುಡುಕುವ ಶ್ರಮ ನಿಮಗೆ ಬೇಡ.

ಹೀಗೆ ಒಂಬತ್ತು ಕೆಲಸದ ದಿನ ನಡೆಯಿತು. ಒಂಬತ್ತನೆಯ ದಿನ ಮಧ್ಯಾಹ್ನ ನನ್ನ ತಂಗಿಯ ಫೋನು ಬಂತು. ಅದಕ್ಕೆ ಒಂದು ವಾರದ ಹಿಂದೆ ಅವಳು ನಿಮ್ಮಲ್ಲೇ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಹೋಗಿದ್ದಳು. ಹೊಲಿಗೆ ಕೀವಾಗಿ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದರೆ, ಅಲ್ಲಿಯ ವೈದ್ಯರು ಪತ್ರ ನೋಡಿ, ಪೆನಿಸಿಲಿನ್ ತುಂಬಿದ ಸೂಜಿ ಹಿಡಿದು ಬಂದಿದ್ದಾರೆ. ಚಿಕ್ಕಂದಿನಲ್ಲಿ ಅದೇ ಔಷಧಕ್ಕೆ ಗಂಟಲು ಊದಿ ಅವಳು ಸಾಯುವ ಹಾಗಾಗಿದ್ದಳು.

"ಅಯ್ಯೋ, ಅದು ನಂಗಾಗಲ್ಲ ಡಾಕ್ಟ್ರೇ ಅಂತ ಕಿರುಚ್ಕೊಂಡೆ ಅಕ್ಕ. ಪತ್ರದಲ್ಲಿ ಇಲ್ವಲ್ಲಮ್ಮ ಅಂದ್ರು. ಕೆಳಗೆ ನಿನ್ನ ಇನಿಷಿಯಲ್ ಇದೆ. ನೀನೇ ಅಲ್ವಾ ಟೈಪ್ ಮಾಡಿದ್ದು?"

ನಾನೇ. ಒಡಹುಟ್ಟಿದವಳ ಹೆಸರನ್ನು ಬೆರಳು ಬರೆದದ್ದು ತಲೆಗೆ ಗೊತ್ತಿಲ್ಲ.

ಕೂಡಲೇ ದೊಡ್ಡಕ್ಕನಿಗೆ ಫೋನು ಮಾಡಿದೆ. "ಡಬ್ಬಿಯಲ್ಲಿ ಏನಂತ ಬರೆದಿತ್ತು?" ಎಂದರು. ಓದಲಿಲ್ಲ ಎಂದೆ. "ಸ್ಕ್ರೀನ್ ನೋಡ್ಬೇಡಿ ಅಂತ ಕಲಿಸಿದ್ದು ನಾನೇ ಅಲ್ವೇನೆ," ಎಂದರು. ಆಮೇಲೆ ಒಂದೊಂದಾಗಿ ಹೇಳಿಕೊಟ್ಟರು. ಹೊಸ ಆವೃತ್ತಿ ನಮ್ಮ ಹಳೆಯ ಫೋಲ್ಡರನ್ನು ನಂಬದೆ, ಅಲ್ಲಿದ್ದ ಮ್ಯಾಕ್ರೊವನ್ನು ನಿಷ್ಕ್ರಿಯ ಆಡ್-ಇನ್‌ಗಳ ಪಟ್ಟಿಗೆ, ಅಂದರೆ ಕೆಲಸ ನಿಲ್ಲಿಸಿದ ಜೋಡಣೆಗಳ ಪಟ್ಟಿಗೆ, ತಳ್ಳಿತ್ತು. ಆ ಫೋಲ್ಡರನ್ನು ನಂಬಬಹುದಾದ ಜಾಗವೆಂದು ಗುರುತಿಸಿ, ಆಡ್-ಇನ್ ಸಕ್ರಿಯಗೊಳಿಸಿ, ಮುಚ್ಚಿ ತೆರೆದೆ. ಕೆಂಪು ಸಾಲು ಬಂತು. ಎಂಟು ನಿಮಿಷದ ಕೆಲಸ ಮಾನ್ಯರೇ!

ಮೇಲ್ವಿಚಾರಕರಿಗೆ ತಿಳಿಸಿದರೆ, "ಸರಿಹೋಯ್ತಲ್ಲ, ಇನ್ನು ಕೆದಕಬೇಡಿ," ಎಂದರು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ್ದಕ್ಕೆ ಇಷ್ಟು ಸಮಾಧಾನವೇ? ಈಗಾಗಲೇ ಹೋದ ಪತ್ರಗಳ ಗತಿ? ಪಟ್ಟಿ ಕೊಡಿ, ನಾನೇ ಕೂತು ಒಬ್ಬೊಬ್ಬರಿಗೂ ಫೋನು ಮಾಡುತ್ತೇನೆ ಎಂದು ಬರೆದುಕೊಟ್ಟೆ. ರೋಗಿಗಳ ಗೋಪ್ಯತೆ ಎಂಬ ಉತ್ತರ ಬಂತು. ಮರುದಿನ ನನ್ನ ಪಾಸ್‌ವರ್ಡ್ ರದ್ದಾಯಿತು. ಈಗ ನಾನು ಲಕೋಟೆ ಅಂಟಿಸುತ್ತೇನೆ. ಒಬ್ಬ ಮನುಷ್ಯನ ಜೀವಕ್ಕಿಂತ ಅವನ ವಿಳಾಸವನ್ನು ಭದ್ರವಾಗಿ ಕಾಯುವ ನಿಮ್ಮ ಶ್ರದ್ಧೆಗೆ ಏನು ಹೇಳಲಿ?

ನನ್ನ ತಂಗಿಗೆ ಬಾಯಿತ್ತು, ಬದುಕಿದಳು. ಆದರೆ ಎಂಟನೆಯ ದಿನ ನಾನು ಟೈಪು ಮಾಡಿದ ಒಂದು ಪತ್ರ ನನ್ನನ್ನು ಬಿಡುತ್ತಿಲ್ಲ. ಪಾರ್ಶ್ವವಾಯು, ಮಾತು ನಿಂತಿದೆ, ಬಲಗೈ ಸ್ವಾಧೀನದಲ್ಲಿಲ್ಲ ಎಂದು ರೆಕಾರ್ಡಿಂಗಿನಲ್ಲಿ ಹೇಳುತ್ತಿದ್ದ ವೈದ್ಯರು ನಡುವೆ ನಿಲ್ಲಿಸಿ, "ದರ್ಜಿ ಕಣಮ್ಮ, ಪಾಪ, ಕೈಯೇ ಹೋಗಿದೆ. ಇದನ್ನ ಟೈಪ್ ಮಾಡ್ಬೇಡ," ಎಂದಿದ್ದರು. "ಅಲರ್ಜಿ ದಾಖಲೆಯಲ್ಲಿದೆ, ಕೆಂಪು ಸಾಲು ಹಾಕಿಬಿಡು," ಎಂದೂ ಹೇಳಿದ್ದರು. ನಾನು ಗುಂಡಿ ಒತ್ತಿದೆ. ಯಾವ ಔಷಧ ಎಂದು ನನಗೆ ಗೊತ್ತಿಲ್ಲ, ಅವರ ಹೆಸರೂ ನೆನಪಿಲ್ಲ. ಬೇರೆ ಆಸ್ಪತ್ರೆಯಿಂದ ಎರವಲು ಬಂದಿದ್ದ ಆ ವೈದ್ಯರು ಹೊರಟುಹೋಗಿದ್ದಾರೆ. ಪತ್ರದ ಕೊನೆಯ ಸಾಲು ಮಾತ್ರ ನೆನಪಿದೆ: ಕಾಲಿನ ಹುಣ್ಣು ಹದಿನೈದು ದಿನದಲ್ಲಿ ಮಾಯದಿದ್ದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಚುಚ್ಚುಮದ್ದು ಆರಂಭಿಸುವುದು. ಹದಿನೈದು ದಿನ ನಾಡಿದ್ದು ಗುರುವಾರಕ್ಕೆ ಮುಗಿಯುತ್ತದೆ. ಸೂಜಿ ಹತ್ತಿರ ಬಂದಾಗ ಆ ಮನುಷ್ಯ ಬೇಡ ಎಂದು ಹೇಗೆ ಹೇಳಬೇಕು? ಈಚೆಗೆ ದಿನಾ ಬೆಳಿಗ್ಗೆ ನಾನು ಪತ್ರಿಕೆಯಲ್ಲಿ ಮೊದಲು ಬಿಡಿಸುವುದು ನಿಧನ ವಾರ್ತೆಯ ಪುಟವನ್ನು.

ಆದ್ದರಿಂದ ಕೇಳುತ್ತಿದ್ದೇನೆ, ವಿನಂತಿಯಲ್ಲ: ಇಂದೇ ಆ ಒಂಬತ್ತು ದಿನದ ಪತ್ರಗಳನ್ನೆಲ್ಲ ತೆಗೆಸಿ, ಮೊದಲ ಫೋನು ಆ ದರ್ಜಿಯ ಮನೆಗೆ ಮಾಡಿಸಿ. ನೀವು ಮಾಡಿಸುವಿರೆಂಬ ನಂಬಿಕೆ ನನಗಿಲ್ಲ. ಹಾಗಾಗಿ ಉಳಿದ ಎರಡು ಸಾಲು ನಿಮಗಲ್ಲ.

ಇದನ್ನು ಓದುತ್ತಿರುವವರೇ, ಮಾತು ನಿಂತುಹೋದ ದರ್ಜಿಯೊಬ್ಬರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಗುರುವಾರ ಅವರಿಗೆ ಯಾವ ಚುಚ್ಚುಮದ್ದನ್ನೂ ಕೊಡಲು ಬಿಡಬೇಡಿ. ಆಸ್ಪತ್ರೆಯ ಪತ್ರದಲ್ಲಿ ಏನೂ ಬರೆದಿಲ್ಲವಲ್ಲ ಎಂದು ಯಾರಾದರೂ ಹೇಳಿದರೆ, ಬರೆಯಬೇಕಾದವಳೇ ಬರೆದಿಲ್ಲವೆಂದು ಒಪ್ಪಿಕೊಂಡಿದ್ದಾಳೆ ಎಂದು ಈ ಪುಟ ತೋರಿಸಿ.

ಇಂತಿ,
ಇಂದು ಸಂಜೆಯವರೆಗಾದರೂ ನಿಮ್ಮ ನೌಕರಳಾಗಿರುವ,
ಎರಡನೆಯ ಮೇಜಿನ ಟೈಪಿಸ್ಟ್